ಷಡ್ಡಕರ ಗರಗಸ

ನಮ್ಮ ಷಡ್ಡಕರಿಗೆ ಮರಗೆಲಸದ ಹುಚ್ಚು ಹತ್ತಿದೆ. ಹಗಲೆಲ್ಲ ಕಂಪ್ಯೂಟರಿನ ಕೀಲಿ ಕುಟ್ಟಿದ ಬೆರಳುಗಳನ್ನು ರಜೆಯ ದಿನ ಬ್ಲೇಡಿನ ಹತ್ತಿರ ಒಯ್ಯುವ ಆಸೆ. ಉಳಿ, ಉಜ್ಜುಗೊರಡು ಹಿಡಿದು ನಾಲ್ಕು ದಿನ ಬೆವರು ಸುರಿಸೋಣ ಅಂತೇನೂ ಇಲ್ಲ, ಮೊದಲ ಏಟಿಗೇ ಟೇಬಲ್ ಸಾ, ಅಂದರೆ ಮೇಜಿನ ನಡುವೆ ಬ್ಲೇಡು ತಲೆಯೆತ್ತಿ ತಿರುಗುವ ಗರಗಸ, ಬೇಕು. ಅದೂ ಪೋರ್ಟಬಲ್! ಬರೀ ಯಂತ್ರವೇ 25 ಕೆ.ಜಿ. ಆಸುಪಾಸು, ಚಕ್ರದ ಸ್ಟ್ಯಾಂಡೂ ಸೇರಿದರೆ 40 ದಾಟೀತು. ಟೆರೇಸಿಗೆ ಏರಿಸುವಾಗ ಇನ್ನೊಂದು ತುದಿ ಹಿಡಿಯಲಿಕ್ಕೆ ನಾನೊಬ್ಬ ಇದ್ದೇನಲ್ಲ.

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗೆ ಹೋದರೆ ಇವರ ಮೊದಲ ಪ್ರಶ್ನೆ, “ಎಷ್ಟು ಹಾರ್ಸ್‌ಪವರ್?” ಭಾವಾ, ನೀವೇನು ಕುದುರೆ ಕೊಳ್ಳಲು ಬಂದಿದ್ದೀರಾ? ಈ ಜಾತಿಯ ಯಂತ್ರಗಳೆಲ್ಲ ಹೆಚ್ಚುಕಡಿಮೆ 1,800, 2,000 ವಾಟಿನವೇ. ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸದೆ, ಗೀಸರಿಗೆ ಕೊಟ್ಟಂಥ 16 ಆಂಪಿಯರ್ ಪಾಯಿಂಟ್ ಹಾಕಿಸಿದರಾಯಿತು. 10 ಇಂಚಿನ ಬ್ಲೇಡು 79 ಮಿ.ಮೀ. ದಪ್ಪ ಕೊಯ್ಯುತ್ತದೆ, ಎಂಟೂಕಾಲು ಇಂಚಿನದು 65. ನೀವು ಕೊಯ್ಯುವುದು 18 ಮಿ.ಮೀ. ಪ್ಲೈವುಡ್ಡು. ಚಿಕ್ಕದೇ ಧಾರಾಳ ಆಯಿತು. ಆದರೆ ಚಿಕ್ಕದನ್ನು ಪಕ್ಕದ ಫ್ಲ್ಯಾಟಿನವರಿಗೆ ತೋರಿಸುವುದು ಹೇಗೆ, ಪಾಪ!

ನೋಡಬೇಕಾದದ್ದು ಫೆನ್ಸನ್ನು. ಮರ ಒರಗಿಕೊಂಡು ಮುಂದೆ ಸಾಗುವ ಆ ಅಲ್ಯೂಮಿನಿಯಂ ಪಟ್ಟಿಯನ್ನು ಕೇಳುವವರೇ ಇಲ್ಲ. ಅಂಗಡಿಯವರು ಮುಖ ಸಿಂಡರಿಸಿದರೂ ಸರಿ, ಪ್ಲಗ್ ತೆಗೆಸಿ, ಫೆನ್ಸನ್ನು ಬಿಗಿದು, ಅದರಿಂದ ಬ್ಲೇಡಿನ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಇರುವ ದೂರ ಅಳೆಯಿರಿ. ಹಿಂದುಗಡೆ ಕಡಿಮೆಯಿತ್ತೋ, ಮರ ಅಲ್ಲಿ ಇರುಕಿ, ಮೇಲೇಳುವ ಹಲ್ಲು ಅದನ್ನು ಎತ್ತಿ ನಿಮ್ಮ ಹೊಟ್ಟೆಗೇ ಎಸೆಯುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲು ಓಡುವುದು ಗಂಟೆಗೆ 190 ಕಿ.ಮೀ. ವೇಗದಲ್ಲಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹಾಗೆ ಹೋದರೆ ಕ್ಯಾಮೆರಾ ದಂಡ ಹಾಕುತ್ತದೆ, ಇಲ್ಲಿ ದಂಡ ನೇರ ದೇಹದಿಂದಲೇ ವಸೂಲಿ. ಈ ಒದೆತ ತಪ್ಪಿಸಲೆಂದೇ ಬ್ಲೇಡಿನ ಬೆನ್ನಿಗೆ ರೈವಿಂಗ್ ನೈಫ್ ಅನ್ನುವ ತಗಡು ಇರುತ್ತದೆ, ಸೀಳಿದ ಮರ ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದ ಹಾಗೆ. ಅದು ಇಲ್ಲದ ಯಂತ್ರ ಪುಕ್ಕಟೆ ಸಿಕ್ಕರೂ ಬೇಡ.

“ನಮ್ಮ ಆಚಾರ್ರಿಗೆ ಇದೆಲ್ಲ ಎಲ್ಲಿದೆ?” ಅಂತ ಷಡ್ಡಕರ ವಾದ. ನಿಜ. ಆಚಾರ್ರು ಪ್ಲೈವುಡ್ ಮೇಜಿನಡಿ ಕಟ್ಟರ್ ಮಷಿನ್ನನ್ನು ತಲೆಕೆಳಗಾಗಿ ಬಿಗಿದು ಮನೆಗಟ್ಟಲೆ ವಾರ್ಡ್‌ರೋಬ್ ಎಬ್ಬಿಸಿದ್ದಾರೆ. ಅವರ ಕೈ ನೋಡಿ ಕಲಿಯಿರಿ, ಆ ಮೇಜನ್ನು ನೋಡಿ ಅಲ್ಲ.

ಇನ್ನು ಬೆರಳು ಉಳಿಸುವ ಅಮೆರಿಕದ ಸಾಸ್ಟಾಪ್ ಗರಗಸ. ಸ್ಟೀವ್ ಗ್ಯಾಸ್ ಎಂಬ ಪೇಟೆಂಟ್ ವಕೀಲರಿಗೆ 1999ರಲ್ಲಿ ಹೊಳೆದ ಉಪಾಯ ಅದು. ಚರ್ಮ ತಾಗಿದರೆ ಬ್ಲೇಡಿನಲ್ಲಿ ಹರಿಯುವ ಸಣ್ಣ ವಿದ್ಯುತ್ ಸಂಕೇತ ಬದಲಾಗಿ, ಬ್ರೇಕಿನ ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ಹೋಗಿ ನಾಟಿ, 5 ಮಿಲಿಸೆಕೆಂಡಿನೊಳಗೆ ಎಲ್ಲ ಸ್ತಬ್ಧ. ಬ್ರೇಕೂ ಹೋಯಿತು, ಬ್ಲೇಡೂ ಹೋದ ಹಾಗೆಯೇ, ಬೆರಳು ಮಾತ್ರ ಉಳಿಯಿತು. ಅದರ ಬೆಲೆ ಕೇಳಿದ ಮೇಲೆ ಷಡ್ಡಕರು ಬೆರಳು ಮಡಿಸಿ ಲೆಕ್ಕ ಹಾಕುತ್ತಾ ಕೂತರು. ಲೆಕ್ಕಕ್ಕೂ ಹತ್ತು ಬೇಕಲ್ಲವೇ ಭಾವಾ?

ಎಂಟಡಿಯ ಇಡೀ ಪ್ಲೈವುಡ್ ಹಾಳೆಯನ್ನು ಈ ಪೋರ್ಟಬಲ್ ಯಂತ್ರದ ಮೇಲೆ ತಳ್ಳುತ್ತೇನೆ ಅನ್ನುವ ಭ್ರಮೆಯೂ ಇದೆ. ಬ್ಲೇಡಿನ ಈಚೆ ಎಂಟಡಿ, ಆಚೆ ಎಂಟಡಿ ಜಾಗ ಬೇಕು. ಟೆರೇಸಿನ ಕೋಣೆಯೇ ಹತ್ತಡಿ. ಮರದ ಅಂಗಡಿಯಲ್ಲೇ ಎರಡು ಸೀಳು ಹಾಕಿಸಿಕೊಂಡು ಬನ್ನಿ. ಯಂತ್ರದ ಜೊತೆಗೆ ಬಂದ 24 ಹಲ್ಲಿನ ಬ್ಲೇಡು ಪ್ಲೈವುಡ್ಡಿನ ಅಂಚನ್ನು ಚಿಂದಿ ಮಾಡುತ್ತದೆ, 60 ಹಲ್ಲಿನದೊಂದು ಇರಲಿ. ಕೈಗವಸು ಬೇಡ, ಬ್ಲೇಡು ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ. ಕಿವಿಗೆ ಮಾತ್ರ ಮುಚ್ಚಳ ಬೇಕೇ ಬೇಕು, ಯಾಕೆಂದರೆ ಈ ಮೋಟರು ಮಿಕ್ಸಿಯ ದೊಡ್ಡಣ್ಣ. ದುಡ್ಡು ಕೊಡುವ ಮೊದಲು ಕೆಳಮನೆಯ ಹುಡುಗನಿಗೆ ಪಿಯುಸಿ ಪರೀಕ್ಷೆ ಯಾವಾಗ ಅಂತ ಕೇಳಿಟ್ಟುಕೊಳ್ಳಿ. ಅವರಮ್ಮ ಅಸೋಸಿಯೇಷನ್ನಿನ ಕಾರ್ಯದರ್ಶಿ.