ಹಿತ್ತಿಲ ಜಹಗೀರು

ತೋಟಗಾರಿಕೆಯನ್ನು ಕುರಿತು ಉಪದೇಶಿಸುವ ಮಹನೀಯರೆಲ್ಲರೂ ಅಗೆಯುವುದು, ಬಿತ್ತುವುದು, ನೀರೆರೆಯುವುದು, ಕಳೆ ಕೀಳುವುದು ಎಂಬ ಕರ್ಮಗಳನ್ನು ವಿಸ್ತಾರವಾಗಿ ವಿಧಿಸಿ ಅಲ್ಲಿಗೇ ಶಾಸ್ತ್ರವನ್ನು ಮುಗಿಸಿಬಿಡುವರಲ್ಲದೆ, ಇವೆಲ್ಲಕ್ಕೂ ಫಲರೂಪವಾದ ಇನ್ನೊಂದು ಕರ್ಮವುಂಟೆಂಬುದನ್ನು ಅವರಲ್ಲಿ ಒಬ್ಬರಾದರೂ ಎತ್ತಿ ಹೇಳಿದ್ದನ್ನು ನಾನು ಕಾಣೆ. ಬೆಳಗಿನ ಹೊತ್ತು ಹಿತ್ತಿಲ ಬಾಗಿಲನ್ನು ತೆರೆದು, ಕೈಗಳೆರಡನ್ನೂ ಬೆನ್ನಿಗೆ ಕಟ್ಟಿಕೊಂಡು, ಒಂದೊಂದು ಗಿಡದ ಮುಂದೆಯೂ ಯಥೋಚಿತವಾಗಿ ನಿಂತು, ಅದನ್ನು ಕಣ್ತುಂಬ ನೋಡಿ ಮುಂದಿನ ಗಿಡಕ್ಕೆ ಸಾಗುವುದೇ ಆ ಕರ್ಮ. ಗುದ್ದಲಿ ಹಿಡಿದವನಿಗೆ ಗಿಡದ ಬುಡ ಮಾತ್ರ ಕಾಣುತ್ತದೆ. ಬಿಂದಿಗೆ ಹೊತ್ತವನಿಗೆ ನೀರಿನ ಭಾರದಲ್ಲಿ ಅದೂ ಕಾಣದು. ಗಿಡವನ್ನು ಸಮಗ್ರವಾಗಿ ಕಾಣಬೇಕಾದರೆ ಮನೆಯಲ್ಲಿ ಒಬ್ಬನಾದರೂ ಏನನ್ನೂ ಮಾಡದೆ ಇರಬೇಕು. ಶಾಲೆಯ ಕೆಲಸದಿಂದ ನಿವೃತ್ತನಾದಂದಿನಿಂದ ಆ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೇನೆ.

ಇದಕ್ಕೆ ಪೂರ್ವಪ್ರಮಾಣವಿಲ್ಲದೆ ಇಲ್ಲ. ಕೊಳ್ಳೇಗಾಲದ ನೆರೆಯಲ್ಲೇ ಇರುವ ಯಳಂದೂರು 1807ರಲ್ಲಿ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತಷ್ಟೆ. ಅವರು ಪಂಚೆಯನ್ನು ಮೊಳಕಾಲ ಮೇಲಕ್ಕೆತ್ತಿ ಕಟ್ಟಿ ಸುವರ್ಣಾವತಿಯ ದಂಡೆಯ ಗದ್ದೆಗಿಳಿದು ನಾಟಿ ಹಾಕಿದರೆಂದು ನಾನು ಎಲ್ಲಿಯೂ ಓದಿಲ್ಲ. ಆದರೂ ಆ ಸೀಮೆಯನ್ನು ಪೂರ್ಣಯ್ಯನವರ ಜಹಗೀರೆಂದೇ ಲೋಕವು ಕರೆಯಿತು. ಇದೇ ನ್ಯಾಯವನ್ನು ಅನುಸರಿಸಿ ನಮ್ಮ ಹಿತ್ತಿಲನ್ನು ನನ್ನ ತೋಟವೆಂದು ನಾನು ಹೇಳಿಕೊಂಡರೆ ತಪ್ಪೇನು ಎಂದು ಒಮ್ಮೆ ಗೃಹಿಣಿಯ ಮುಂದೆ ವಾದ ಹೂಡಿದೆ. ಆಕೆಯ ತವರು ಅದೇ ಯಳಂದೂರು. ಆದರೆ ಆಕೆ ಪೂರ್ಣಯ್ಯನವರ ಪಕ್ಷದವಳಲ್ಲ; ಚಿಕದೇವರಾಜ ಒಡೆಯರ ಕಾಲದಲ್ಲಿದ್ದು "ಹದಿಬದೆಯ ಧರ್ಮ"ವನ್ನು ರಚಿಸಿದ ಸಂಚಿಯ ಹೊನ್ನಮ್ಮನ ಪಕ್ಷದವಳು. "ನಮ್ಮೂರಿನ ಹೊನ್ನಮ್ಮ ಹೆಂಡತಿಯರ ಧರ್ಮ ಬರೆದು ಸುಮ್ಮನಾಗಿಬಿಟ್ಟಳು. ಗಂಡಂದಿರ ಧರ್ಮ ಅಂತಲೂ ಒಂದು ಬರೆದಿದ್ದರೆ, ನೀರು ಸೇದೋದಕ್ಕೇ ಒಂದು ಸಂಧಿ ಇಡುತ್ತಿದ್ದಳು" ಎಂದು ಹೇಳಿ ಆಕೆ ಬಿಂದಿಗೆಯನ್ನು ಎತ್ತಿಕೊಂಡು ಹೋದಳು. ಸಾಹಿತ್ಯಚರಿತ್ರೆಯ ಈ ಕೊರತೆಯನ್ನು ಯಾರೂ ತುಂಬಲು ಹೊರಡದಿರಲಿ ಎಂದು ನಾನು ಮನಸ್ಸಿನಲ್ಲಿಯೇ ಬೇಡಿಕೊಂಡೆ.

ನೋಡುವ ಕರ್ಮಕ್ಕೆ ವರ್ಷದಲ್ಲಿ ಪ್ರಶಸ್ತವಾದ ಕಾಲವೆಂದರೆ ಶರದೃತು. ಇಲ್ಲಿಯೂ ಒಂದು ತೊಡಕುಂಟು. ಸಂಸ್ಕೃತ ಕವಿಗಳ ಶರತ್ತಿನಲ್ಲಿ ಮೇಘಗಳೆಲ್ಲ ಬರಿದಾಗಿ ಬೆಳ್ಳಗಾಗಿ ಆಕಾಶವು ತಿಳಿಯಾಗುತ್ತದೆ, ನದಿಗಳ ಕೆಸರು ಅಡಗುತ್ತದೆ, ಹಂಸಗಳು ಹಿಂದಿರುಗುತ್ತವೆ. ಪಶ್ಚಿಮದೇಶದವರ ಶರತ್ತಿನಲ್ಲಿಯಾದರೋ ಎಲೆಗಳು ಹಣ್ಣಾಗಿ ಉದುರಿ ಕವಿಗಳಿಗೆ ವೈರಾಗ್ಯ ಬರುತ್ತದೆ. ನಮ್ಮ ಶರತ್ತು ಈ ಎರಡು ಕೂಟಕ್ಕೂ ಸೇರದು. ಮುಂಗಾರಿನ ಮೋಡಗಳು ತಮ್ಮ ಐಶ್ವರ್ಯವನ್ನೆಲ್ಲ ಘಟ್ಟದ ಆಚೆಯ ಇಳಿಜಾರಿನಲ್ಲಿ, ವಯನಾಡಿನಲ್ಲಿ, ನೀಲಗಿರಿಯಲ್ಲಿ ಚೆಲ್ಲಿ ಬರಿಗೈಯಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುವುದರಿಂದ, ಆಷಾಢದಲ್ಲಿ ನಮಗೆ ದೊರೆಯುವುದು ಗಾಳಿ ಮತ್ತು ಧೂಳು ಮಾತ್ರ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗಳು ಬಂದಾಗಲೇ ಸಂಜೆಯ ಹೊತ್ತು ಗುಡುಗಿ, ಬಿಳಿಗಿರಿರಂಗನ ಬೆಟ್ಟದ ಸಾಲು ಕಪ್ಪಾಗಿ, ನಿಜವಾದ ಮಳೆ ಇಳಿಯುವುದು. ನಮ್ಮ ಕೊಳ್ಳೇಗಾಲವು 1956ರ ನವೆಂಬರ್ 1ರಂದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತೆಂಬುದು ಸರ್ವವಿದಿತವಾದರೂ, ಪುನರ್ವಿಂಗಡಣೆಯ ಆ ಆಜ್ಞೆಯ ಪ್ರತಿಯೊಂದು ಮಳೆರಾಯನಿಗೆ ಇನ್ನೂ ತಲುಪಿದಂತಿಲ್ಲ. ಆತನು ಇಂದಿಗೂ ತಮಿಳುಸೀಮೆಯ ಪಂಚಾಂಗವನ್ನೇ ಹಿಡಿದು ಬರುತ್ತಿದ್ದಾನೆ. ಆದಕಾರಣ ಲೋಕದ ಮಿಕ್ಕೆಡೆಗಳಲ್ಲಿ ಎಲೆ ಉದುರುವ ಕಾಲಕ್ಕೆ ನಮ್ಮಲ್ಲಿ ಬೀಜ ಮೊಳೆಯುತ್ತದೆ, ಬಳ್ಳಿ ಚಪ್ಪರವನ್ನು ಹತ್ತುತ್ತದೆ, ವೈರಾಗ್ಯಕ್ಕೆ ಪುರುಸೊತ್ತೇ ಇರುವುದಿಲ್ಲ.

ಚಪ್ಪರದಿಂದಲೇ ನನ್ನ ಪ್ರದಕ್ಷಿಣೆ ಮೊದಲಾಗುತ್ತದೆ. ಅಲ್ಲಿ ಪಡವಲ, ಹೀರೆ, ಹಾಗಲಗಳು ಒಂದನ್ನೊಂದು ತಬ್ಬಿಕೊಂಡು, ಯಾವ ಎಲೆ ಯಾರದೆಂದು ನ್ಯಾಯಾಲಯವೂ ತೀರ್ಮಾನಿಸಲಾರದ ಸ್ಥಿತಿಯಲ್ಲಿರುತ್ತವೆ. ಪಡವಲದ ಹೂವು ರಾತ್ರಿಯಲ್ಲಿ ಅರಳುವುದು. ಬೆಳಗಾಗೆದ್ದು ಹೋದವನಿಗೆ ಅದರ ಬಿಳಿಯ ಎಳೆಎಳೆಯಾದ ಅಂಚು ಮುದುಡಿಕೊಳ್ಳುತ್ತಿರುವುದಷ್ಟೇ ಕಾಣುತ್ತದೆ. ಎಳೆಯ ಕಾಯಿ ಸೊಟ್ಟಗೆ ಸುತ್ತಿಕೊಳ್ಳದೆ ನೆಟ್ಟಗೆ ಇಳಿಯಲೆಂದು ಅದರ ತುದಿಗೆ ದಾರದಲ್ಲಿ ಒಂದು ಕಲ್ಲನ್ನು ಕಟ್ಟುವುದು ನಮ್ಮ ಕಡೆಯ ರೂಢಿ. ವಾರಕ್ಕೊಮ್ಮೆ ಬಂದು ಪಾತಿ ಮಾಡಿಕೊಡುವ ಅಜ್ಜಿ ಈ ಕಲ್ಲುಗಳನ್ನು ಆಯುವಾಗ ತೋರಿಸುವ ವಿವೇಚನೆಯನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಅಂಕ ಕೊಡುವಾಗ ತೋರಿಸಿದ್ದರೆ ಹಲವು ಹುಡುಗರ ಭವಿಷ್ಯ ಬೇರೆಯಾಗುತ್ತಿತ್ತು. ಕಲ್ಲು ಭಾರವಾದರೆ ಕಾಯಿ ಕಳಚಿ ಬೀಳುತ್ತದೆ, ಹಗುರವಾದರೆ ಕಾಯಿ ಅದನ್ನೂ ಎತ್ತಿಕೊಂಡು ಸುತ್ತಿಕೊಳ್ಳುತ್ತದೆ.

ಬೇಲಿಯ ಮೇಲೆ ಹಬ್ಬಿದ ಸಿಹಿಗುಂಬಳದ ವಿಷಯವನ್ನು ಮಾತ್ರ ನಾನು ಸಂಕೋಚದಿಂದಲೇ ಹೇಳಬೇಕಾಗಿದೆ. ಈ ಬಳ್ಳಿಯಲ್ಲಿ ಮೊದಲು ಅರಳುವುವೆಲ್ಲ ಗಂಡು ಹೂಗಳು. ಉದ್ದವಾದ ತೆಳುತೊಟ್ಟಿನ ಮೇಲೆ, ಹೊಂಬಣ್ಣದ ಪೇಟ ಸುತ್ತಿ, ಸೂರ್ಯೋದಯಕ್ಕೆ ಸರಿಯಾಗಿ ದರ್ಬಾರಿಗೆ ಸಿದ್ಧವಾಗಿ ನಿಂತು, ಮಧ್ಯಾಹ್ನದೊಳಗೆ ಬಾಡಿಬಿಡುತ್ತವೆ. ಬುಡದಲ್ಲಿ ಪುಟ್ಟ ಕಾಯಿಯನ್ನು ಹೊತ್ತ ಹೆಣ್ಣು ಹೂವು ಆಮೇಲೆ ಸಾವಕಾಶವಾಗಿ ಬರುತ್ತದೆ. ನಾನು ಈ ಹೊಂಬಣ್ಣದ ಸಭೆಯನ್ನು ಮೈಮರೆತು ನೋಡುತ್ತಿದ್ದಾಗ ಅಜ್ಜಿ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಬಂದು ನಿಂತಳು.

"ಇವೆಲ್ಲಾ ಗಂಡೂವ ಮೇಷ್ಟ್ರೆ. ಸುಮ್ಕೆ ಬಿಸ್ಲು ಕಾಯ್ಕಂಡು ನಿಂತವೆ."

ಅಡಿಗೆಮನೆಯ ಕಿಟಕಿಯಿಂದ ನಗು ಕೇಳಿಸಿತು. "ಇನ್ನೊಂದು ಸಾರಿ ಹೇಳವ್ವ, ಗಟ್ಟಿಯಾಗಿ" ಎಂದು ಗೃಹಿಣಿ ಅಪ್ಪಣೆ ಮಾಡಿದಳು. ಪರಾಗವಿಲ್ಲದೆ ಕಾಯಿ ಕಟ್ಟದೆಂಬ ಸಸ್ಯಶಾಸ್ತ್ರದ ತತ್ತ್ವವನ್ನು ನಾನು ಗಂಭೀರವಾಗಿ ಪ್ರತಿಪಾದಿಸಲು ಹೊರಟೆ. ಅಷ್ಟರಲ್ಲಿ ಅಜ್ಜಿ, ಮೋಡ ಕವಿದ ದಿನಗಳಲ್ಲಿ ಜೇನುಹುಳು ಹೊರಡದೆಂಬುದನ್ನು ಬಲ್ಲವಳಾದ್ದರಿಂದ, ಒಂದು ಗಂಡು ಹೂವನ್ನು ಕಿತ್ತು ಅದರ ಎಸಳುಗಳನ್ನು ಹರಿದೆಸೆದು, ಉಳಿದ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿಗೆ ಮುಟ್ಟಿಸಿ, ನನ್ನ ಉಪನ್ಯಾಸ ಮುಗಿಯುವುದರೊಳಗೆ ಮುಂದಿನ ಪಾತಿಗೆ ಹೊರಟುಹೋಗಿದ್ದಳು.

ಹೂವಿನ ಮಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಪಾರಿಜಾತ. ನೆಲಕ್ಕೆ ಬಿದ್ದ ಹೂವು ದೇವರಿಗೆ ಸಲ್ಲದೆಂಬ ನಿಯಮಕ್ಕೆ ನಮ್ಮ ಹಿರಿಯರು ಪಾರಿಜಾತವೊಂದಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ರಾತ್ರಿ ಅರಳಿ, ನಸುಕಿನಲ್ಲಿ ತಾನಾಗಿಯೇ ಕಳಚಿ ಬಿದ್ದು, ಕೀಳುವ ಶ್ರಮವನ್ನು ಉಳಿಸುವ ಈ ಮರವನ್ನು ದೇವಲೋಕದಿಂದ ತಂದರೆಂಬ ಕಥೆಯನ್ನು ನಾನು ಸಂಪೂರ್ಣವಾಗಿ ನಂಬುತ್ತೇನೆ. ಇದಕ್ಕೆ ತದ್ವಿರುದ್ಧವಾದುದು ಸೇವಂತಿಗೆ. ಗೊಬ್ಬರ ಹಾಕಿ, ನೀರೆರೆದು, ಊರುಗೋಲು ಕೊಟ್ಟು ಏನೆಲ್ಲ ಉಪಚರಿಸಿದರೂ ಹಗಲು ಕುಗ್ಗಿ ಇರುಳು ಹಿಗ್ಗುವ ತನಕ ಅದು ಮೊಗ್ಗು ಕಟ್ಟದು. ಸುತ್ತುಗೋಡೆಯ ಮಗ್ಗುಲಿನ ಸೇವಂತಿಗೆಗೆ ಬೀದಿಯ ದೀಪದ ಬೆಳಕು ರಾತ್ರಿಯೆಲ್ಲ ಬೀಳುತ್ತಿದ್ದುದರಿಂದ, ಇನ್ನೂ ಬೇಸಗೆಯೇ ಇದೆಯೆಂದು ಬಗೆದ ಆ ಗಿಡ ದೀಪಾವಳಿ ಸಮೀಪಿಸಿದರೂ ಬರಿಯ ಎಲೆಯನ್ನೇ ಬಿಡುತ್ತಿತ್ತು. ಒಳಬದಿಯ ನೆರಳಿನಲ್ಲಿದ್ದ ಅದರ ಒಡಹುಟ್ಟುಗಳು ಆ ಹೊತ್ತಿಗೆ ಹಳದಿಯ ಗೊಂಚಲುಗಳಾಗಿದ್ದುವು. ಗೃಹಿಣಿ ಒಂದು ಹಳೆಯ ಗೋಣಿಚೀಲವನ್ನು ಗೋಡೆಯ ಮೇಲೆ ಮರೆಯಾಗಿ ಕಟ್ಟಿದಳು. ಬೆಳಕು ಬೀಳುತ್ತಿದ್ದುದನ್ನು ಮೊದಲು ನೋಡಿದವನು ನಾನೇ ಎಂಬುದು ಇಲ್ಲಿ ದಾಖಲಾಗಲಿ.

ಚೆಂಡುಹೂವಿನ ಮಾತು ಬೇರೆ. ಅದು ಮೆಕ್ಸಿಕೋ ಸೀಮೆಯಿಂದ ಕಡಲು ದಾಟಿ ಬಂದುದಾದರೂ, ನಮ್ಮ ಮಹಾನವಮಿಯನ್ನು ಎಷ್ಟು ಪರಿಪೂರ್ಣವಾಗಿ ಆಕ್ರಮಿಸಿಕೊಂಡಿದೆಯೆಂದರೆ, ಅದಿಲ್ಲದ ಆಯುಧಪೂಜೆಯನ್ನು ಊಹಿಸುವುದು ಕಷ್ಟ. ಅಜ್ಜಿ ಅದನ್ನು ಟೊಮೆಟೊ ಸಾಲುಗಳ ನಡುವೆ ನೆಡುತ್ತಾಳೆ. ಬೇರಿನಲ್ಲಿ ಗಂಟು ಬರಿಸುವ ಕಣ್ಣಿಗೆ ಕಾಣದ ಹುಳುಗಳು ಅದರ ಬೇರಿನ ರಸಕ್ಕೆ ಅಂಜುತ್ತವೆಂದು ಕೃಷಿವಿಜ್ಞಾನಿಗಳೂ ಒಪ್ಪುತ್ತಾರೆ. ಆದರೆ ನವರಾತ್ರಿಯಲ್ಲಿ ಬೊಂಬೆ ಕೂರಿಸಿದ ಮನೆಗಳ ಮಕ್ಕಳು ತಟ್ಟೆ ಹಿಡಿದು ಬಂದಾಗ ಅದು ಯಾರಿಗೂ ಅಂಜುವುದಿಲ್ಲ. ಒಂಬತ್ತು ದಿನವೂ ಗೃಹಿಣಿ ಕೈಯೆತ್ತಿ ಕೊಡುತ್ತಾಳೆ. ನಾನು ನಿಂತು ನೋಡುತ್ತೇನೆ.

ಕೊಡುಗೆಯ ಪ್ರಕರಣದಲ್ಲಿ ನನ್ನ ಹೃದಯವನ್ನು ನಿಜವಾಗಿ ಅಲುಗಿಸಿದ್ದು ಬೂದುಗುಂಬಳ. ರೇಷ್ಮೆಗೆ ಹೆಸರಾದ ನಮ್ಮೂರಿನಲ್ಲಿ ಆಯುಧಪೂಜೆಯೆಂದರೆ ಮಗ್ಗದ ಪೂಜೆ. ಹಗಲಿರುಳೂ ಟಕಟಕವೆನ್ನುವ ನೇಕಾರರ ಬೀದಿಗಳು ಅಂದು ಮೌನವಾಗಿ, ಮಗ್ಗಗಳು ವಿಭೂತಿ ಕುಂಕುಮ ಧರಿಸಿ ವಿಶ್ರಮಿಸುತ್ತವೆ. ಮಾಡಿನ ಮೇಲೆ ಮಲಗಿ ದಿನೇ ದಿನೇ ಬೂದಿ ಬಳಿದುಕೊಂಡು ಗಾತ್ರ ಹೆಚ್ಚಿಸಿಕೊಳ್ಳುತ್ತಿದ್ದ ನಮ್ಮ ಏಕೈಕ ಬೂದುಗುಂಬಳವನ್ನು ನಾನು ಭಾದ್ರಪದದಿಂದಲೂ ನೋಡಿ ನೋಡಿ, ಅದರಲ್ಲಿ ಇಷ್ಟು ಭಾಗ ಮಜ್ಜಿಗೆಹುಳಿಗೆ, ಇಷ್ಟು ಭಾಗ ಹಲ್ವಕ್ಕೆ ಎಂದು ಮನಸ್ಸಿನಲ್ಲಿಯೇ ಬಜೆಟ್ಟು ಮಂಡಿಸಿದ್ದೆ. ಹಬ್ಬದ ಹಿಂದಿನ ಸಂಜೆ ಪಕ್ಕದ ಮನೆಯ ನೇಕಾರರು ಬಂದು, "ಮೇಷ್ಟ್ರೆ, ಮಗ್ಗಕ್ಕೆ ದೃಷ್ಟಿ ತೆಗೀಬೇಕು, ಪ್ಯಾಟೇಲಿ ಕಾಯಿ ಚಿಕ್ಕವು" ಎಂದರು. ದೃಷ್ಟಿಯೆಲ್ಲ ಆ ಕಾಯಿಯ ಮೇಲೆ ಈಗಾಗಲೇ ನಾನೇ ಹಾಕಿಬಿಟ್ಟಿರುವೆನೆಂದು ಹೇಳುವುದು ಸಭ್ಯವಾಗಿ ಕಾಣಲಿಲ್ಲ. ಮರುದಿನ ಅದರೊಳಗೆ ಕುಂಕುಮವನ್ನೂ ಕಾಸನ್ನೂ ತುಂಬಿ, ಕರ್ಪೂರ ಹಚ್ಚಿ ನಿವಾಳಿಸಿ, ನಡುಬೀದಿಯಲ್ಲಿ ಒಡೆದರು. ಕಾಸುಗಳನ್ನು ಹುಡುಗರು ಆಯ್ದುಕೊಂಡರು. ತಿರುಳನ್ನು ಎದುರುಮನೆಯ ಮೇಕೆ ತಿಂದಿತು. ಅದೇ ಮೇಕೆ ಹಿಂದಿನ ವಾರ ನಮ್ಮ ಬೆಂಡೆಯ ಸಾಲನ್ನು ಮೇಯ್ದಿತ್ತು. ನಮ್ಮ ತೋಟದ ರುಚಿಯನ್ನು ಆದ್ಯಂತವಾಗಿ ಬಲ್ಲ ಪ್ರಾಣಿ ಅದೊಂದೇ.

ಈ ಮೇಕೆಯ ದೂರನ್ನು ಹನೂರಿಗೆ ಹೋದಾಗ ತಂಗಿಯ ಗಂಡನ ಮುಂದೆ ಹೇಳಿದೆ. ಹೇಳಬಾರದಿತ್ತು. ಆತನ ಹೊಲ ಕಾಡಿನ ಅಂಚಿನದು. ರಾಗಿ ಹಾಲುಗಟ್ಟುವ ಕಾಲಕ್ಕೆ ಆನೆಗಳು ಇಳಿಯುವುವೆಂದು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು, ಟಾರ್ಚು, ಪಟಾಕಿ, ತಗಡಿನ ಡಬ್ಬಗಳೊಡನೆ ರಾತ್ರಿಯೆಲ್ಲ ಕಾಯುವ ಜನ ಅವರು. ಆತನು ನನ್ನ ಮೇಕೆಯ ಪುರಾಣವನ್ನು ಅತ್ಯಂತ ಮರ್ಯಾದೆಯಿಂದ ಕೊನೆಯವರೆಗೆ ಕೇಳಿ, "ಎಷ್ಟು ಮೇಕೆ, ಭಾವ?" ಎಂದು ವಿಚಾರಿಸಿದನು. ಒಂದು ಎಂದೆ. "ಓಹೋ" ಎಂದು ತಲೆದೂಗಿ, ನನ್ನನ್ನು ಕರೆದುಕೊಂಡು ಹೋಗಿ, ಹಿತ್ತಿಲ ಬಾಳೆಯ ಗುಂಪು ಇದ್ದ ಸ್ಥಳವನ್ನು ತೋರಿಸಿದನು. ಸ್ಥಳ ಇತ್ತು. ಪಕ್ಕದಲ್ಲಿ ಮೊರದಗಲದ ಹೆಜ್ಜೆಯೊಂದರಲ್ಲಿ ಹಿಂದಿನ ದಿನದ ಮಳೆನೀರು ನಿಂತಿತ್ತು. ಆ ಹೆಜ್ಜೆಯ ಅಂಚಿನಲ್ಲೇ ತಂಗಿ ಆಗಲೇ ಮೆಂತ್ಯದ ಬೀಜ ಚೆಲ್ಲಿದ್ದಳು. ನೀರು ನಿಲ್ಲುವ ಸ್ಥಳವನ್ನು ವ್ಯರ್ಥ ಮಾಡಬಾರದಂತೆ. ನಾನು ಮೇಕೆಯ ವಿಷಯವನ್ನು ಮತ್ತೆ ಎತ್ತಲಿಲ್ಲ.

ನನ್ನ ಪದ್ಧತಿಗೆ ಜಯ ದೊರೆತ ಒಂದು ಸಂದರ್ಭವನ್ನು ಹೇಳದೆ ಬಿಟ್ಟರೆ ಆತ್ಮದ್ರೋಹವಾದೀತು. ಹಿತ್ತಿಲ ಈಶಾನ್ಯದ ಮೂಲೆಯೊಂದನ್ನು ಮಾತ್ರ ಗೃಹಿಣಿ ನನ್ನ ಸ್ವಂತ ಆಡಳಿತಕ್ಕೆ ಬಿಟ್ಟಿದ್ದಳು. ಅಲ್ಲಿ ನಾನು ನನ್ನ ಸಿದ್ಧಾಂತಕ್ಕೆ ಅನುಗುಣವಾಗಿ ಏನನ್ನೂ ಅಗೆಯಲಿಲ್ಲ, ಬಿತ್ತಲಿಲ್ಲ, ಕೀಳಲಿಲ್ಲ. ಹಸ್ತದ ಮಳೆ ಮುಗಿಯುವ ವೇಳೆಗೆ ಮೂಲೆ ಮೊಳಕಾಲೆತ್ತರದ ಹಸುರಾಯಿತು. ಇದನ್ನು ಕಂಡ ಬಂಧುವರ್ಗ ಛೀಮಾರಿ ಹಾಕುತ್ತಿರುವಾಗ ಅಜ್ಜಿ ಬಂದು, ಬಗ್ಗಿ, ಒಂದೊಂದನ್ನೂ ಚಿವುಟಿ ಹೆಸರು ಹೇಳಿದಳು: ಅಣ್ಣೆಸೊಪ್ಪು, ಕೀರೆ, ಗಣಿಕೆ, ಹೊನಗನ್ನೆ, ಗೋಣಿಸೊಪ್ಪು. ಪೇಟೆಯಲ್ಲಿ ಕಾಸು ಕೊಟ್ಟರೂ ಒಟ್ಟಿಗೆ ಸಿಗದ ಬೆರಕೆಸೊಪ್ಪು! ಮಡಿಲು ತುಂಬ ಕುಯ್ದುಕೊಟ್ಟಳು. ಅಂದು ರಾತ್ರಿ ಬೇಳೆಯೊಡನೆ ಬೇಯಿಸಿ ಮಸೆದ ಮಸ್ಸೊಪ್ಪು, ಬಿಸಿಯ ರಾಗಿಮುದ್ದೆ, ಮೇಲೆ ತುಪ್ಪ. ಎರಡನೆಯ ಮುದ್ದೆಯನ್ನು ಮುರಿಯುವಾಗ ನಾನು ಸುತ್ತಲೂ ಒಮ್ಮೆ ನೋಡಿದೆ. ಯಾರೂ ಏನೂ ಹೇಳಲಿಲ್ಲ. ಗೃಹಿಣಿ ಮಾತ್ರ, "ಇನ್ನು ಇವರನ್ನು ಹಿಡಿಯುವವರಾರು" ಎಂದು ಗೋಡೆಗೆ ಹೇಳಿದಳು.

ದೀಪಾವಳಿಯ ಹೊತ್ತಿಗೆ ಮಲೆಯ ಮಾದಪ್ಪನ ಜಾತ್ರೆಗೆ ಹೋಗುವ ಪರಿಷೆ ಹೊರಡುತ್ತದೆ. ಎಲ್ಲೆಲ್ಲಿಂದಲೋ ನಡೆದು ಬಂದವರು ಕೊಳ್ಳೇಗಾಲ ದಾಟಿ, ಹನೂರು, ಕೌದಳ್ಳಿ, ತಾಳುಬೆಟ್ಟಗಳ ದಾರಿ ಹಿಡಿದು, "ಉಘೇ ಮಾದಪ್ಪ" ಎಂದು ಕೂಗುತ್ತ ಸಾಗುವಾಗ, ನಮ್ಮ ಬೇಲಿಯ ಚೆಂಡುಹೂವು ಅವರ ಕಣ್ಣಿಗೆ ಬೀಳದೆ ಹೋಗದು. ಕೇಳಿ ಕಿತ್ತುಕೊಳ್ಳುವವರು ಕೆಲವರು. ಕಿತ್ತುಕೊಂಡು ಕೇಳುವವರು ಹಲವರು. ಹೂವು ಹೋಗುವುದು ಮಾದಪ್ಪನ ಮುಡಿಗೇ ಆದುದರಿಂದ ಎರಡನೆಯ ವರ್ಗದವರಿಗೂ ನಾನು ಕೈ ಮುಗಿದೇ ನಿಲ್ಲುತ್ತೇನೆ.

ಪರಿಷೆ ಹಿಂದಿರುಗಿದ ಮೇಲೆ ಬೀಜದ ಲೆಕ್ಕಾಚಾರ. ಬಳ್ಳಿಯಲ್ಲೇ ಬಿಟ್ಟು ಕೆಂಪಗೆ ಹಣ್ಣಾದ ಪಡವಲ, ನಾರಾಗಿ ಒಣಗಿದ ಹೀರೆ, ಇವುಗಳ ಬೀಜವನ್ನು ಬೂದಿಯಲ್ಲಿ ಕಲಸಿ ಒಣಗಿಸಿ, ಯಳಂದೂರಿಗೆ ಒಂದು ಪೊಟ್ಟಣ, ಹನೂರಿಗೆ ಒಂದು ಪೊಟ್ಟಣ ಎಂದು ಗೃಹಿಣಿ ಕಟ್ಟುತ್ತಾಳೆ. ಪೊಟ್ಟಣದ ಮೇಲೆ ಹೆಸರು ಬರೆಯುವ ಕೆಲಸ, ಅಕ್ಷರ ದುಂಡಗಿರುವುದರಿಂದ, ನನ್ನದು. ಇದಕ್ಕೆ ಪ್ರತಿಯಾಗಿ ಭಾವಮೈದುನನು ಕಾರ್ತಿಕದ ಕೊನೆಯಲ್ಲಿ ಹೊಸ ಅವರೆಕಾಯಿಯ ಮೂಟೆಯೊಂದನ್ನು ಬೆನ್ನ ಮೇಲೆ ಹೊತ್ತು ಬಂದು ಪಡಸಾಲೆಯಲ್ಲಿ ಇಳಿಸಿದನು. ಸೊಗಡು ಮನೆಯನ್ನೆಲ್ಲ ತುಂಬಿತು. ಹಿತಕಿದ ಬೇಳೆಯ ಸಾರನ್ನು ನೆನೆದು ನಾನು ಪುಳಕಿತನಾಗುತ್ತಿರುವಷ್ಟರಲ್ಲಿ ಗೃಹಿಣಿ ಚಾಪೆಯನ್ನು ಹಾಸಿ, ಮೊರವನ್ನು ತಂದು ನನ್ನ ಮುಂದೆಯೇ ಇಟ್ಟಳು. ಅವರೆಯನ್ನು ಸುಲಿದು, ಕಾಳನ್ನು ನೆನೆಹಾಕಿ, ಒಂದೊಂದನ್ನೇ ಹಿತಕಿ ಸಿಪ್ಪೆ ಬಿಡಿಸುವ ಕೆಲಸ ಯಾವ ಬಗೆಯದೆಂಬುದನ್ನು ಬಲ್ಲವರೇ ಬಲ್ಲರು. ಅದನ್ನು ನೋಡುವುದರಿಂದ ಬೇಳೆ ಹೊರಗೆ ಬರುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಈ ಒಂದು ಮೂಟೆ ಮುಗಿದರೆ ಸಾಕಲ್ಲವೇ ಎಂದು ದೈನ್ಯದಿಂದ ಕೇಳಿದೆ.

"ಮುಗೀತದೆ ಬುಡಿ ಭಾವ" ಎಂದನು ಆತನು, ಟವೆಲಿನಿಂದ ಬೆವರೊರೆಸಿಕೊಳ್ಳುತ್ತ. "ಇನ್ನೊಂದು ಮೂಟೆ ಆಟೋದಲ್ಲೇ ಅದೆ. ಒಂದ್ ಕೈ ಹಿಡೀರಿ, ಇಳಿಸ್ಬುಡುವ."