‘ಪ್ರಸ್ತುತ ಮೋಟಾರಿ’ನ ಹೇಳಿಕೆ: ಭೀಮನಬೀಡಿನಲ್ಲೊಂದು ಕಾಲ್ಪನಿಕ ಸಂದರ್ಶನ

ಕಂಪ್ಯೂಟರಿನ ಆಜ್ಞೆಯಂತೆ ಮರವನ್ನೋ ಅಲ್ಯುಮಿನಿಯಂ ಹಲಗೆಯನ್ನೋ ಕೊರೆಯುವ ಸಿಎನ್‌ಸಿ ಯಂತ್ರದಲ್ಲಿ, ಬಿಟ್ಟನ್ನು, ಅಂದರೆ ಕೊರೆಯುವ ಅಲಗನ್ನು, ಕಚ್ಚಿ ಹಿಡಿದು ತಿರುಗಿಸುವ ಮೋಟಾರಿಗೆ ಸ್ಪಿಂಡಲ್ ಎಂದು ಹೆಸರು. ದೇವರಮನೆಯ ಬಾಗಿಲಿಗೆ ಬಳ್ಳಿ, ನವಿಲು, ಗಣಪತಿಗಳನ್ನು ಕೆತ್ತುವ ಕೆಲಸವು ಉಳಿಯಿಂದ ಈ ಯಂತ್ರಕ್ಕೆ ವರ್ಗವಾಗುತ್ತಿರುವ ಕಾಲದಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಮರಗೆಲಸದ ಶೆಡ್ಡೊಂದರಲ್ಲಿ ಇದೆಯೆಂದು ಭಾವಿಸಲಾದ 2.2 ಕಿಲೋವ್ಯಾಟ್‌ನ ಸ್ಪಿಂಡಲ್ ಒಂದನ್ನು ಇಲ್ಲಿ ಸಂದರ್ಶಿಸಲಾಗಿದೆ. ವಿದ್ವತ್ ಗ್ರಂಥಗಳ ಮರ್ಯಾದೆಯನ್ನು ಬಲ್ಲ ಅದು ಉದ್ದಕ್ಕೂ ತನ್ನನ್ನು ‘ಪ್ರಸ್ತುತ ಮೋಟಾರು’ ಎಂದೇ ಕರೆದುಕೊಂಡಿತು.

ಊರಿಗೆಲ್ಲ ಕೇಳುವಂತೆ ಅರಚುವ ಅಗತ್ಯವೇನು ಎಂಬ ಮೊದಲ ಪ್ರಶ್ನೆಗೆ ಅದು ಸಿಟ್ಟಾಗದೆ, ಅರಚುವುದು ಪ್ರಸ್ತುತ ಮೋಟಾರಲ್ಲ, ಅದರ ಬೆನ್ನಿಗೆ ಕಟ್ಟಿದ ಫ್ಯಾನು ಎಂದಿತು. ವಿದ್ಯುತ್ತಿನ ಆವರ್ತನೆಯನ್ನು ಬದಲಿಸಿ ವೇಗವನ್ನು ಹಿಡಿತದಲ್ಲಿಡುವ ಪೆಟ್ಟಿಗೆಗೆ ವಿಎಫ್‌ಡಿ ಎನ್ನುತ್ತಾರೆ. ಅದು 400 ಹರ್ಟ್ಸ್ ಒದಗಿಸಿದಾಗ ಎರಡು ಧ್ರುವಗಳ ಈ ಮೋಟಾರು ನಿಮಿಷಕ್ಕೆ ಹತ್ತಿರಹತ್ತಿರ 24,000 ಸುತ್ತು ಹಾಕುವುದರಿಂದ, ಅದೇ ದಂಡಕ್ಕೆ ಸಿಕ್ಕಿಸಿದ ಅಂಗೈಯಗಲದ ಫ್ಯಾನೂ ಅಷ್ಟೇ ಸುತ್ತು ಹಾಕಿ ಗಾಳಿಯನ್ನು ಸೀಳುತ್ತದೆ. ಇನ್ನು ದಪ್ಪ ಬಿಟ್ಟು ಹಾಕಿ ಹಲಸಿನ ಹಲಗೆಯನ್ನು ನಿಧಾನವಾಗಿ ಸವರುವಾಗ, ಮೈ ಬಿಸಿಯಾಗಿ ಗಾಳಿ ಹೆಚ್ಚು ಬೇಕಾದ ಆ ಹೊತ್ತಿನಲ್ಲೇ, ದಂಡದ ವೇಗ ಇಳಿದು ಫ್ಯಾನೂ ಸುಸ್ತಾಗುತ್ತದೆ. ಭಾರ ಬಿದ್ದಾಗ ಕೈಕೊಡುವ ಈ ಗುಣ ಫ್ಯಾನುಗಳಲ್ಲಿ ಮಾತ್ರ ಕಾಣುವಂಥದ್ದಲ್ಲ ಎಂದು ಸೇರಿಸಿದ ಸ್ಪಿಂಡಲ್, ಆ ವಾಕ್ಯವನ್ನು ಕಡತದಿಂದ ಕೈಬಿಡಬೇಕೆಂದು ತಕ್ಷಣವೇ ಕೋರಿತು.

ಅಷ್ಟು ಬಿಸಿಯಾದರೂ ಏಕೆ ಎಂದು ಕೇಳಿದಾಗ ಅದು ವಂಶಾವಳಿಗೆ ಹೋಯಿತು. ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿಯ ಲೇತುಗಳಿಗೆ ಎರಕದ ಕಬ್ಬಿಣದ ದೊಡ್ಡ ಮೈಯಿದ್ದು, ಹುಟ್ಟಿದ ಶಾಖ ಅದರಲ್ಲೇ ಹರಡಿ ಆರುತ್ತಿತ್ತು. ಈ ವಂಶದ ಕಿರಿಯ ಕುಡಿಗೆ ಅಂಥ ಮೈಯಿಲ್ಲ. ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ 15 ಪಾಲು ಪೋಲಾಗುತ್ತದೆಂದು ಇಟ್ಟುಕೊಂಡರೂ 330 ವ್ಯಾಟ್ ಶಾಖ ತೋಳಗಲದ ಕೊಳವೆಯೊಳಗೆ ಹುಟ್ಟುತ್ತದೆ. ತಾಮ್ರದ ಸುರುಳಿಯ ಉಷ್ಣತೆ 10 ಡಿಗ್ರಿ ಏರಿದರೆ ಅದರ ನಿರೋಧಕ ಲೇಪದ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆಂಬುದು ಮೋಟಾರು ವಿದ್ಯೆಯ ಹಳೆಯ ಅಂದಾಜು.

ನೆರೆಯವರ ದೂರಿನ ವಿಷಯ ಬಂದಾಗ ಸ್ಪಿಂಡಲ್‌ನ ಧ್ವನಿ ಗಡುಸಾಯಿತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಬಂಡೀಪುರದ ಹೆದ್ದಾರಿಯಲ್ಲಂತೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆಗೆ ಗೇಟು ಹಾಕಿಸಿ ಕೊಟ್ಟ ನೆಮ್ಮದಿಯನ್ನು ಪಕ್ಕದ ಮನೆಯ ಅಜ್ಜಿಗೆ ಕಾಗದದಲ್ಲಿ ಮಾತ್ರ ಕೊಡಲಾಗಿದೆ ಎಂದು ಅದು ಟೀಕಿಸಿತು. ದೂರಿಗೆ ಸ್ಪಂದಿಸಿದ ಶೆಡ್ಡಿನ ಯಜಮಾನರು ಮಾಡಿದ್ದೇನೆಂದರೆ, ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ಹೊಡೆದು, ಒಳಗೆ ಥರ್ಮೊಕೋಲ್ ಅಂಟಿಸಿ, ಯಂತ್ರವನ್ನು ಪೂರ್ತಿ ಮುಚ್ಚಿದ್ದು. ಸದ್ದು ತಗ್ಗಿತು, ದೂರು ಇತ್ಯರ್ಥವಾಯಿತು. ಆದರೆ ಫ್ಯಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಸೇದತೊಡಗಿತು, ನುಣ್ಣನೆಯ ಮರದ ಹುಡಿ ಕಂಬಳಿಯಂತೆ ಮೈಗೆ ಮೆತ್ತಿಕೊಂಡಿತು, ಬೇರಿಂಗಿನ ಗ್ರೀಸು ಕರಗಲಾರಂಭಿಸಿತು. ಬಾಯಿಗೆ ಬಟ್ಟೆ ತುರುಕಿದ್ದನ್ನು ಚಿಕಿತ್ಸೆ ಎಂದು ಬರೆದುಕೊಳ್ಳುವ ಈ ಪದ್ಧತಿಯನ್ನು ಯಂತ್ರಶಾಸ್ತ್ರವು ಒಪ್ಪುವುದಿಲ್ಲ.

ಹಾಗಾದರೆ ನೀರು ಕೊಟ್ಟರಾಗದೇ? ನೀರುಹೊದಿಕೆಯ ಸ್ಪಿಂಡಲ್ ಬೇರೆ ಜಾತಿಯದು, ಅದು ದಾಯಾದಿ ಎಂದು ತಿಳಿಸಿದ ಪ್ರಸ್ತುತ ಮೋಟಾರು, ಹೊಟ್ಟೆಕಿಚ್ಚಿಲ್ಲದೆ ಅದರ ಗುಣಗಾನ ಮಾಡಿತು. ಏರ್‌ಕೂಲರಿನ ಪುಟ್ಟ ಪಂಪು ನಿಮಿಷಕ್ಕೆ ಒಂದು ಲೀಟರು ನೀರು ಹರಿಸಿದರೆ, ಮೇಲಿನ 330 ವ್ಯಾಟ್ ಶಾಖವನ್ನು ಹೊತ್ತೊಯ್ಯುವಾಗ ಆ ನೀರಿನ ಉಷ್ಣತೆ 5 ಡಿಗ್ರಿಯಷ್ಟೂ ಏರುವುದಿಲ್ಲ. ಬಿಟ್ಟು ಮರವನ್ನು ಮುಟ್ಟುವವರೆಗೆ ಆ ದಾಯಾದಿ ಓಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರಬೇಕು. ಆದರೆ 20 ಲೀಟರ್ ನೀರು ಒಂದೇ ಬಕೆಟ್ಟಿನಲ್ಲಿ ಸುತ್ತುತ್ತಿದ್ದು ಎಲ್ಲಿಯೂ ಆರದಿದ್ದರೆ ಗಂಟೆಗೆ 14 ಡಿಗ್ರಿ ಕಾಯುತ್ತದಾದ್ದರಿಂದ, ದಿನವಿಡೀ ಕೆಲಸವಿದ್ದರೆ ರೇಡಿಯೇಟರ್ ಬೇಕೇ ಬೇಕು. ಗಡಸು ಬೋರ್‌ವೆಲ್ ನೀರು ಹಾಕಿದರೆ ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ಒಳಗೂ ಕಟ್ಟುತ್ತದೆ. ಬೇಸಿಗೆಯೆಂದು ಐಸು ಹಾಕುವವರು ಇನ್ನೂ ಅಪಾಯಕಾರಿ: ತಣ್ಣೀರು ತುಂಬಿದ ಚೊಂಬಿನ ಮೈ ಬೆವರುವಂತೆ ಮೋಟಾರಿನ ಒಳಗೋಡೆ ಬೆವರಿ ಬೇರಿಂಗು ತುಕ್ಕು ಹಿಡಿಯುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು ಬೆಟ್ಟದ ಮೇಲಿದ್ದರೇನೇ ಚಂದ ಎಂಬುದು ಅದರ ಅಭಿಪ್ರಾಯ.

ಕಡೆಯದಾಗಿ ಬೇಡಿಕೆ ಏನೆಂದು ವಿಚಾರಿಸಲಾಯಿತು. ವಾಯುಪುತ್ರನ ಹೆಸರು ಹೊತ್ತ ಊರಿನಲ್ಲಿ ಗಾಳಿಗಾಗಿ ಅರ್ಜಿ ಹಾಕಬೇಕಾಗಿರುವುದಕ್ಕೆ ವಿಷಾದ ಸೂಚಿಸಿ, ಪ್ರಸ್ತುತ ಮೋಟಾರು ತನ್ನ ಮನವಿಯನ್ನು ಯಜಮಾನರಿಗೆ ತಲುಪಿಸುವಂತೆ ಕೇಳಿಕೊಂಡಿತು: ದಂಡದ ಫ್ಯಾನನ್ನು ಕಳಚಿ, ಸ್ವಂತ ವಿದ್ಯುತ್ತಿನಲ್ಲಿ ಸದಾ ಒಂದೇ ವೇಗದಲ್ಲಿ ತಿರುಗುವ 120 ಮಿಲಿಮೀಟರ್ ಅಗಲದ ಫ್ಯಾನನ್ನು ಕೂರಿಸಬೇಕು, ಏಕೆಂದರೆ ಫ್ಯಾನಿನ ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ, ಕಡಿಮೆಬಿದ್ದ ಗಾಳಿಯನ್ನು ಅಗಲವು ತುಂಬಿಕೊಡುತ್ತದೆ. ಪೆಟ್ಟಿಗೆ ಇರಲಿ, ಅದರ ಕೆಳಗೊಂದು, ಮೇಲೊಂದು ತೂತು ಕೊರೆಸಿ, ಸದ್ದು ನೇರವಾಗಿ ಹೊರಬೀಳದಂತೆ ಸ್ಪಂಜು ಹಾಸಿದ ಡೊಂಕು ಕೊಳವೆಗಳನ್ನು ಜೋಡಿಸಿದರೆ ಸಾಕು. ಆ ಎರಡು ತೂತುಗಳನ್ನು ಕೊರೆಯುವ ಕೆಲಸಕ್ಕೂ ತಾನೇ ಸಿದ್ಧವೆಂದು ಅದು ಲಿಖಿತವಾಗಿ ತಿಳಿಸಿದೆ.