ಹಂಪ್ಸ್ ಮೇಷ್ಟ್ರು

ಚಿತ್ರದುರ್ಗದಲ್ಲಿ ಬಡಾವಣೆಗೊಬ್ಬ ಹಂಪ್ಸ್ ಮೇಷ್ಟ್ರು ಇರುತ್ತಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೂ ಈ ವಿಷಯದಲ್ಲಿ ಬರವಿಲ್ಲ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರಾದವರಿದ್ದರೂ ಜನ ಮೇಷ್ಟ್ರು ಅಂತಲೇ ಕರೆಯುವುದು. ಬೈಕಿನ ಹುಡುಗರನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಪಾಠ ಮಾಡುತ್ತಾರಲ್ಲ! ಜುಬ್ಬದ ಜೇಬಿನಲ್ಲಿ ಅಳತೆ ಟೇಪು, ಕಂಕುಳಲ್ಲಿ ಮನವಿಗಳ ಫೈಲು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಹಿತೆ ಅವರಿಗೆ ಬಾಯಿಪಾಠ. 2018ರಲ್ಲಿ ಅದು ಪರಿಷ್ಕಾರವಾಗಿದ್ದರೂ ಇವರು ಒಪ್ಪಿಸುವುದು 1988ರದನ್ನೇ. ‘ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಗಂಟೆಗೆ 25 ಕಿಲೋಮೀಟರಲ್ಲಿ ಬಂದವನು ಆರಾಮಾಗಿ ದಾಟಬೇಕು. 40 ಮೀಟರ್ ಮುಂಚೆ ಬೋರ್ಡು...’ ಎನ್ನುವಷ್ಟರಲ್ಲಿ ಹುಡುಗ ಮುಂದಿನ ಕ್ರಾಸ್ ದಾಟಿರುತ್ತಾನೆ.

ನಮ್ಮ ಬೀದಿಯ ಹಂಪ್ಸ್ ಹುಟ್ಟುವುದು ಸಂಹಿತೆಯಿಂದಲ್ಲ. ಯಾರದೋ ಮನೆಯ ಮೋಲ್ಡಿಂಗ್ ಮುಗಿದು ಒಂದಿಷ್ಟು ಕಾಂಕ್ರೀಟ್ ಮಿಕ್ಕಿದರೆ ಬೆಳಗಾಗುವುದರೊಳಗೆ ರಸ್ತೆಗೊಂದು ಒಡ್ಡು ಎದ್ದಿರುತ್ತದೆ. ಬಣ್ಣವಿಲ್ಲ, ಬೋರ್ಡಿಲ್ಲ. ಮೇಷ್ಟ್ರು ಕುಕ್ಕುರುಗಾಲಲ್ಲಿ ಕೂತು ಅಳೆದು, ‘ಅವೈಜ್ಞಾನಿಕ!’ ಎಂದು ತೀರ್ಪು ಕೊಡುತ್ತಾರೆ. ಅದನ್ನು ಒಡೆಸಲು ಒಂದು ಮನವಿ, ವೈಜ್ಞಾನಿಕವಾದದ್ದು ಹಾಕಿಸಲು ಇನ್ನೊಂದು.

‘ಪಾಳೇಗಾರರನ್ನ ನೋಡ್ರಿ. ಆನೆ ಓಡಿಬಂದು ಕೋಟೆ ಬಾಗಿಲಿಗೆ ಗುದ್ದಬಾರದು ಅಂತ ದಾರೀನೇ ತಿರುವಿಬಿಟ್ರು. ಒಂದು ಹಂಪ್ಸ್ ಹಾಕಲಿಲ್ಲ!’ ಆ ಕಾಲದಲ್ಲಿ ಆನೆಗೆ ಡೆಲಿವರಿ ಕೆಲಸ ಇರಲಿಲ್ಲ ಎಂದು ಹೇಳುವ ಧೈರ್ಯ ನನಗೆ ಬಂದಿಲ್ಲ.

ಈಚೆಗೆ ನಮ್ಮ ಬೀದಿಯ ಮೇಷ್ಟ್ರು ನಿಯಮವನ್ನೇ ಬದಲಾಯಿಸಲು ಹೊರಟಿದ್ದಾರೆ. ಬೀದಿಯ ಮೂರರಲ್ಲಿ ಎರಡು ಪಾಲು ಮನೆಯವರ ಸಹಿ, ಎಂಜಿನಿಯರ್ ಅಳತೆ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಬಾಂಡಲಿ ಕಾಂಕ್ರೀಟೂ ರಸ್ತೆಗೆ ಬೀಳಕೂಡದು. ಸಹಿ ಕೇಳಿದರೆ ಇಡೀ ಬೀದಿ ಹಾಕಿತು. ಉತ್ಸಾಹದಲ್ಲಿ ಮೇಷ್ಟ್ರು ಇನ್ನೊಂದು ಕಲಮು ಸೇರಿಸಿದರು: ಹಂಪ್ಸ್ ಯಾರ ಮನೆ ಮುಂದೆ ಬೀಳುತ್ತದೋ ಅವರ ಒಪ್ಪಿಗೆ ಪತ್ರ ಕಡ್ಡಾಯ.

ಜಾಗ ಗುರುತಿಸಲು ಸೀಮೆಸುಣ್ಣ ಹಿಡಿದು ಎಲ್ಲರೂ ಹೊರಟೆವು. ಮೊದಲನೇ ಮನೆಯಲ್ಲಿ ನಲ್ಲಿ ಪೈಪು ಅಡ್ಡ ಬಂತು. ಎರಡನೆಯದರಲ್ಲಿ ಬ್ರೇಕಿನ ಸದ್ದಿಗೆ ಮಗು ಎದ್ದುಬಿಡುತ್ತದೆ. ‘ಬಾಗಿಲ ಎದುರು ದಿಬ್ಬ ಬಂದ್ರೆ ವಾಸ್ತು ಕೆಡ್ತದೆ ಸಾರ್, ಬೇಕಾದ್ರೆ ಪಕ್ಕದ ಮನೆ ಮುಂದೆ ಹಾಕ್ಸಿ’ ಎಂದರು ಮೂರನೆಯವರು. ಪಕ್ಕದ್ದು ಮೇಷ್ಟ್ರ ಮನೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ‘ಇಲ್ಲಿ ತಿರುವು ಹತ್ರ ಆಗ್ತದೆ. ನಿಯಮದಲ್ಲಿ ಬರಲ್ಲ.’

ಮನೆಯಿಂದ ಮನೆಗೆ ಜರುಗುತ್ತಾ ಹಂಪ್ಸ್ ಬೀದಿಯ ತುದಿಗೆ, ಅಲ್ಲಿಂದ ಮೇನ್ ರೋಡಿಗೇ ಬಂದು ನಿಂತಿತು. ಅಲ್ಲಿ ಯಾರ ಬಾಗಿಲೂ ಇಲ್ಲ, ಯಾರ ತಕರಾರೂ ಇಲ್ಲ. ಆದರೆ ಅದು ನಗರಸಭೆಯ ರಸ್ತೆಯಲ್ಲ.

ಮೇಷ್ಟ್ರು ಅಲ್ಲೇ ಚಹದಂಗಡಿಯ ಬೆಂಚಿನ ಮೇಲೆ ಕೂತು, ಫೈಲಿನಿಂದ ಬಿಳಿ ಹಾಳೆ ತೆಗೆದು, ‘ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಅವರಿಗೆ’ ಎಂದು ಶುರುಮಾಡಿದರು. ‘ಸಹಿ ಎಲ್ರದೂ ಇನ್ನೊಂದ್ಸಲ ಬೇಕಾಗ್ತದೆ, ಯಾರೂ ಹೋಗ್ಬೇಡಿ’ ಎಂದರು ತಲೆಯೆತ್ತದೆ.